ಕಲೆಸದ ಒಂದೇ ಒಂದು ಕಾರ್ಡ್

(ಬೆಳಗಾವಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಮಕ್ಕಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮಾತು ಮುಗಿದ ಮೇಲೆ ನಡೆದದ್ದನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹೀಗೆ ಹಿಡಿದುಕೊಂಡಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿ ಆಯಿತು.

ಒಳಗೆ ಬರುವಾಗ ಬಾಗಿಲ ಹತ್ತಿರ ಕೂತಿದ್ದ ಅಜ್ಜ ಒಬ್ಬರು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಕೇಳಿದರು. "ಏನ್ರಿ ಇದು, ಇಸ್ಪೀಟ್ ಎಲಿ ಏನ್ರಿ? ಹುಡುಗ್ರಿಗೆ ಇದನ್ ಕಲಿಸ್ತೀರೇನ್ರಿ?" ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಎಲೆ ಆಟ ಅಂದರೆ ಅಂದರ್ ಬಾಹರ್ ನೆನಪಾಗುತ್ತದೆ. ಅದರಲ್ಲಿ ಹೊಲ ಕಳೆದುಕೊಂಡವರ ಮುಖ ನೆನಪಾಗುತ್ತದೆ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ, ಈ ಡಬ್ಬಿಯಲ್ಲಿರುವುದು ಟ್ರೇಡಿಂಗ್ ಕಾರ್ಡ್ ಆಟ, ಇದರಲ್ಲಿ ಹಣ ಕಟ್ಟಿ ಆಡುವುದಿಲ್ಲ. ಕಾರ್ಡ್ ಕೊಳ್ಳಲು ಹಣ ಬೇಕು, ಅದು ನಿಜ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಸ್ಪೀಟಿನಲ್ಲಿ 52 ಎಲೆ. ಯಾರ ಮನೆಗೆ ಹೋದರೂ ಅದೇ 52. ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಹಾಗಲ್ಲ. ಸಾವಿರಾರು ಬೇರೆ ಬೇರೆ ಕಾರ್ಡ್‌ಗಳಿರುತ್ತವೆ. ನಾನು ನನಗೆ ಬೇಕಾದ್ದನ್ನು ಆರಿಸಿ ನನ್ನ ಡೆಕ್ ಕಟ್ಟುತ್ತೇನೆ, ನೀವು ನಿಮ್ಮದು ಕಟ್ಟುತ್ತೀರಿ. ಆಮೇಲೆ ಎದುರುಬದುರು ಕೂತು ಆಡುತ್ತೇವೆ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ಮಾಡಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಈ ಬಗೆಯ ಆಟಗಳಿಗೆ ದಾರಿ ಹಾಕಿತು. ಮಾಂತ್ರಿಕರು, ಡ್ರ್ಯಾಗನ್‌ಗಳು, ಕಡಲ್ಗಳ್ಳರು, ಹೀಗೆ ಒಂದು ಕಲ್ಪನೆಯ ಲೋಕ. ಇವತ್ತು ಆ ಲೋಕದ ಒಂದೇ ಒಂದು ಕಾರ್ಡ್ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಲೀಡರ್ ಕಾರ್ಡ್. ನಾಯಕನ ಕಾರ್ಡ್.

ಇಲ್ಲಿ ನೋಡಿ. ಇದು ನನ್ನ ಡೆಕ್. ಇದನ್ನು ಕಲೆಸುತ್ತೇನೆ. ಕಲೆಸುವ ಮೊದಲು ಈ ಒಂದು ಕಾರ್ಡನ್ನು ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಡುತ್ತೇನೆ. ಇದು ಡೆಕ್ಕಿನೊಳಗೆ ಹೋಗುವುದೇ ಇಲ್ಲ. ಎದುರಾಳಿಗೆ ನನ್ನ ಬೇರೆ ಯಾವ ಕಾರ್ಡೂ ಗೊತ್ತಿಲ್ಲ. ಇದು ಮಾತ್ರ ಮೊದಲ ಕ್ಷಣದಿಂದಲೇ ಗೊತ್ತು.

ಇದರಲ್ಲೇನು ದೊಡ್ಡದು ಅಂತ ಅನ್ನಿಸಬಹುದು. ಸ್ವಲ್ಪ ಹಳೆಯ ಕಾಲಕ್ಕೆ ಹೋಗೋಣ. ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ ಸಿಗುತ್ತದೆ, ಅಲ್ವಾ? ಅಲ್ಲಿ ಇಂದಿಗೂ ಗಂಜೀಫಾ ಕಾರ್ಡ್‌ಗಳನ್ನು ಕೈಯಿಂದ ಬಣ್ಣ ಹಾಕಿ ಮಾಡುತ್ತಾರೆ. ದುಂಡನೆಯ ಕಾರ್ಡ್‌ಗಳು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಬಳಗ, ಒಂದೊಂದರಲ್ಲಿ 12, ಒಟ್ಟು 120. ಪ್ರತಿ ಬಳಗಕ್ಕೂ ಒಬ್ಬ ರಾಜ, ಒಬ್ಬ ಪ್ರಧಾನ. ಆ ಆಟದ ಒಂದು ನಿಯಮ ನನಗೆ ಬಹಳ ಇಷ್ಟ. ಹಗಲು ಆಡುತ್ತಿದ್ದರೆ ರಾಮನ ರಾಜ ಯಾರ ಕೈಗೆ ಬಂತೋ ಅವರು ಆಟ ಶುರು ಮಾಡಬೇಕು. ರಾತ್ರಿಯಾದರೆ ಕೃಷ್ಣನ ರಾಜ. ಎಷ್ಟು ಚೆಂದ ನೋಡಿ. ಆದರೆ ಆ ರಾಜ ಯಾರ ಕೈಗೆ ಹೋಗುತ್ತಾನೆ ಅನ್ನುವುದು ಹಂಚಿದವರ ಕೈಗೂ ಗೊತ್ತಿಲ್ಲ. ನಾಯಕತನ ಅದೃಷ್ಟದಿಂದ ಬರುತ್ತದೆ. ಇಸ್ಪೀಟಿನ ಎಕ್ಕವೂ ಅಷ್ಟೇ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಲೀಡರ್ ಕಾರ್ಡಿನಲ್ಲಿ ಆ ಅದೃಷ್ಟ ಇಲ್ಲ. ಒಂದು ಲೆಕ್ಕ ಹೇಳುತ್ತೇನೆ. 50 ಕಾರ್ಡಿನ ಡೆಕ್ಕಿನಲ್ಲಿ ನನ್ನ ಮೆಚ್ಚಿನ ಕಾರ್ಡ್ 4 ಪ್ರತಿ ಇಟ್ಟಿದ್ದೇನೆ ಅನ್ನಿ. ಮೊದಲು 5 ಕಾರ್ಡ್ ಕೈಗೆ ತೆಗೆದುಕೊಂಡಾಗ ಅದರಲ್ಲಿ ಒಂದಾದರೂ ಬರುವುದು ನೂರು ಆಟಕ್ಕೆ ಸುಮಾರು 35 ಸಲ. ಮಿಕ್ಕ 65 ಸಲ ಕಾಯಬೇಕು. ಲೀಡರ್ ಮಾತ್ರ ನೂರಕ್ಕೆ ನೂರು ಸಲ ಇದ್ದೇ ಇರುತ್ತಾನೆ. ಹಾಗಾಗಿ ಡೆಕ್ ಕಟ್ಟುವವರು ಅವನನ್ನು ನಂಬಿ ಯೋಚನೆ ಮಾಡಬಹುದು. ಮನೆ ಕಟ್ಟುವಾಗ ಮೊದಲು ನಿಲ್ಲಿಸುವ ಕಂಬದ ಹಾಗೆ.

ಈಗ ಒಂದು ಆಟವನ್ನು ಹಿಡಿದು ನೋಡೋಣ. ಇಲ್ಲಿ ಕೂತ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವುದು ಒನ್ ಪೀಸ್ ಕಾರ್ಡ್ ಗೇಮ್. ಜಪಾನಿನ ಬಂದಾಯ್ ಕಂಪನಿ 2022ರಲ್ಲಿ ತಂದದ್ದು. ಒಬ್ಬ ಲೀಡರ್, 50 ಕಾರ್ಡಿನ ಡೆಕ್, ಜೊತೆಗೆ 10 ಡಾನ್ ಕಾರ್ಡ್. ಡಾನ್ ಅಂದರೆ ಈ ಆಟದ ರೊಕ್ಕ ಅಂದುಕೊಳ್ಳಿ. ಕಾರ್ಡ್ ಇಳಿಸಲು ಅದನ್ನೇ ಖರ್ಚು ಮಾಡಬೇಕು. ಪ್ರತಿ ಸರದಿಗೆ 2 ಡಾನ್ ಬರುತ್ತದೆ. ಮೊದಲು ಆಡುವವರಿಗೆ ಮೊದಲ ಸರದಿಯಲ್ಲಿ ಮಾತ್ರ 1.

ಲೀಡರ್ ಕಾರ್ಡ್ ಮೇಲೆ ಮುಖ್ಯವಾಗಿ ನಾಲ್ಕು ಸಂಗತಿ ಇರುತ್ತವೆ. ಬಣ್ಣ, ಬಲ, ಲೈಫ್, ಮತ್ತು ಅವನಿಗಷ್ಟೇ ಇರುವ ಒಂದು ಗುಣ. ಬಲ ಸಾಮಾನ್ಯವಾಗಿ 5000. ಲೈಫ್ 5 ಅಂತ ಇದ್ದರೆ, ಆಟದ ಶುರುವಿನಲ್ಲಿ ಡೆಕ್ಕಿನ ಮೇಲಿನ 5 ಕಾರ್ಡನ್ನು ನೋಡದೆ, ಮುಖ ಕೆಳಗೆ ಮಾಡಿ ಲೀಡರ್ ಪಕ್ಕ ಇಡುತ್ತೀರಿ. ಅದೇ ಅವನ ಜೀವ.

ಈ ಜೀವದ ವಿಷಯದಲ್ಲೇ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಈ ಆಟದ ಅತಿ ಸುಂದರ ಜಾಗ ಇದು ಅಂತ ನನ್ನ ಅಭಿಪ್ರಾಯ.

ಎದುರಾಳಿ ನಿಮ್ಮ ಲೀಡರ್ ಮೇಲೆ ದಾಳಿ ಮಾಡಿದರು, ನೀವು ತಡೆಯಲಿಲ್ಲ. ಏನಾಗುತ್ತದೆ? ಲೈಫ್‌ನ ಮೇಲಿನ ಕಾರ್ಡ್ ಒಂದು ನಿಮ್ಮ ಕೈಗೆ ಬರುತ್ತದೆ! ಕಸಕ್ಕೆ ಹೋಗುವುದಿಲ್ಲ, ಕೈಗೆ ಬರುತ್ತದೆ. ಪೆಟ್ಟು ತಿಂದವರ ಕೈ ತುಂಬುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಟ್ರಿಗರ್ ಅಂತ ಬರೆದಿರುತ್ತದೆ. ಅಂಥದ್ದು ಲೈಫ್‌ನಿಂದ ಬಂದರೆ ಡಾನ್ ಖರ್ಚು ಮಾಡದೆ ಅಲ್ಲೇ ಅದರ ಕೆಲಸ ಮಾಡಿಸಬಹುದು. ಐದು ಪೆಟ್ಟು ತಿಂದು ಲೈಫ್ ಸೊನ್ನೆ ಆದರೂ ನೀವು ಇನ್ನೂ ಸೋತಿಲ್ಲ. ಸೊನ್ನೆ ಇದ್ದಾಗ ಇನ್ನೊಂದು ಪೆಟ್ಟು ಬಿದ್ದರೆ ಆಗ ಆಟ ಮುಗಿಯಿತು.

ಹೊಸದಾಗಿ ಆಡುವ ಮಕ್ಕಳು ಮೊದಲ ಪೆಟ್ಟಿಗೇ ಹೆದರಿ ಕೈಯಲ್ಲಿದ್ದ ಕಾರ್ಡ್‌ಗಳನ್ನೆಲ್ಲ ತಡೆಯಲು ಎಸೆಯುತ್ತಾರೆ. ಪಳಗಿದವರು ಮೊದಲ ಒಂದೆರಡು ಪೆಟ್ಟು ಸುಮ್ನೆ ತಿನ್ನುತ್ತಾರೆ. ಬಂದ ಕಾರ್ಡನ್ನು ಕೈಯಲ್ಲಿ ಕೂಡಿಡುತ್ತಾರೆ. ಕೊನೆಯ ಒಂದು ಲೈಫ್ ಉಳಿದಾಗ ಬಿಗಿಯಾಗಿ ಕಾಯುತ್ತಾರೆ. ಯಾವ ಪೆಟ್ಟು ತಿನ್ನಬೇಕು, ಯಾವುದನ್ನು ತಡೆಯಬೇಕು, ಇದನ್ನು ಕಲಿತರೆ ಅರ್ಧ ಆಟ ಕಲಿತ ಹಾಗೆ.

ದಾಳಿಯ ಲೆಕ್ಕವನ್ನೂ ನೋಡಿ. ನನ್ನ ಲೀಡರ್ 5000, ನಿಮ್ಮ ಲೀಡರ್ 5000. ಬಲ ಸಮ ಇದ್ದರೆ ದಾಳಿ ಮಾಡಿದವರು ಗೆಲ್ಲುತ್ತಾರೆ. ಹಾಗಾಗಿ ತಡೆಯಲು ನೀವು ಕೈಯಿಂದ 1000 ಬಲ ಸೇರಿಸುವ ಕೌಂಟರ್ ಕಾರ್ಡ್ ಎಸೆಯಬೇಕು. ನಿಮ್ಮ ಲೀಡರ್ 6000 ಆಗಿ ಬಚಾವ್. ಈಗ ನಾನು ಒಂದೇ ಒಂದು ಡಾನನ್ನು ನನ್ನ ಲೀಡರ್‌ಗೆ ಕೊಡುತ್ತೇನೆ. ನನ್ನ ಸರದಿಯಲ್ಲಿ ಅವನ ಬಲ 1000 ಏರಿ 6000 ಆಗುತ್ತದೆ. ನೀವು 1000 ಎಸೆದರೆ 6000ಕ್ಕೆ 6000, ಸಮ. ಸಮ ಅಂದರೆ ನಾನು ಗೆದ್ದೆ. ನೀವೀಗ 2000 ಎಸೆಯಬೇಕು. ನಾನು ಖರ್ಚು ಮಾಡಿದ್ದು ಒಂದು ಡಾನ್, ನಿಮಗೆ ಬಿದ್ದ ಬೆಲೆ ಎರಡರಷ್ಟು. ನನ್ನ ಡಾನ್ ಮುಂದಿನ ಸರದಿಗೆ ವಾಪಸ್ ಬರುತ್ತದೆ. ನೀವು ಎಸೆದ ಕಾರ್ಡ್ ಹೋಯಿತು.

ಅಂದರೆ ಲೀಡರ್ ಸುಮ್ಮನೆ ಸಿಂಹಾಸನದ ಮೇಲೆ ಕೂತವನಲ್ಲ. ಅವನೂ ಹೊಡೆಯುತ್ತಾನೆ, ಅವನೇ ಹೊಡೆತ ತಿನ್ನುತ್ತಾನೆ. ಬೇರೆ ಪಾತ್ರಗಳು ಬಂದು ಹೋಗುತ್ತವೆ. ಅವನು ಮಾತ್ರ ಆಟ ಮುಗಿಯುವವರೆಗೂ ಮೇಜು ಬಿಡುವುದಿಲ್ಲ.

ಇನ್ನು ಬಣ್ಣ. ನಾನು ಇವತ್ತು ಹೇಳಬೇಕು ಅಂತ ಬಂದ ಮಾತು ಇಲ್ಲಿದೆ. ಈ ಆಟದಲ್ಲಿ ಆರು ಬಣ್ಣ. ಕೆಂಪು, ಹಸಿರು, ನೀಲಿ, ನೇರಳೆ, ಕಪ್ಪು, ಹಳದಿ. ನಿಮ್ಮ ಲೀಡರ್ ಕೆಂಪಾದರೆ ಡೆಕ್ಕಿನಲ್ಲಿ ಕೆಂಪು ಕಾರ್ಡ್ ಮಾತ್ರ ಇರಬೇಕು. ನಿಮ್ಮ ಹತ್ತಿರ ಎಂಥ ಒಳ್ಳೆಯ ನೀಲಿ ಕಾರ್ಡ್ ಇದ್ದರೂ ಅದು ಡಬ್ಬಿಯಲ್ಲೇ ಉಳಿಯಬೇಕು. ಎರಡು ಬಣ್ಣದ ಲೀಡರ್‌ಗಳೂ ಇದ್ದಾರೆ. ಅವರನ್ನು ಆರಿಸಿದರೆ ಎರಡೂ ಬಣ್ಣದ ಕಾರ್ಡ್ ಹಾಕಬಹುದು. ಆದರೆ ಒಂದು ಬಣ್ಣದವರಿಗೆ ಸಾಮಾನ್ಯವಾಗಿ ಲೈಫ್ 5, ಎರಡು ಬಣ್ಣದವರಿಗೆ ಸಾಮಾನ್ಯವಾಗಿ 4. ಆಯ್ಕೆ ಹೆಚ್ಚಾಯಿತು, ಜೀವ ಕಡಿಮೆಯಾಯಿತು.

ಎಲ್ಲರೂ ಲೀಡರ್ ಕಾರ್ಡನ್ನು ಎತ್ತಿ ಮೊದಲು ಓದುವುದು ಅವನು ಏನು ಮಾಡಬಲ್ಲ ಅಂತ. ನಾನು ಇಷ್ಟು ವರ್ಷ ಆಡಿ ಕಲಿತದ್ದು ಏನೆಂದರೆ, ಅವನು ಏನನ್ನು ಬೇಡ ಅನ್ನುತ್ತಾನೆ ಅಂತ ಮೊದಲು ಓದಬೇಕು. ಲೀಡರ್ ಅಂದರೆ ಒಂದು ಕಟ್ಟುಪಾಡು. ಅವನನ್ನು ಆರಿಸಿದ ಕೂಡಲೇ ಸಾವಿರಾರು ಕಾರ್ಡ್‌ಗಳಲ್ಲಿ ಬಹುಪಾಲು ನಿಮಗೆ ಮುಚ್ಚಿಹೋಗುತ್ತವೆ. ಉಳಿದ ಸ್ವಲ್ಪದರಲ್ಲೇ ನೀವು ದಾರಿ ಹುಡುಕಬೇಕು. ಡೆಕ್ಕಿಗೆ ಒಂದು ಮುಖ, ಒಂದು ಸ್ವಭಾವ ಬರುವುದು ಅಲ್ಲಿಂದ.

ನಾನು ಇದನ್ನು ತಡವಾಗಿ ಕಲಿತೆ. ನನ್ನ ಮೊದಲ ಡೆಕ್ ಕಟ್ಟಿದ್ದು ತಿರುವು ಮುರುವು. ನನ್ನಲ್ಲಿದ್ದ ಹೊಳೆಯುವ, ದುಬಾರಿ ಕಾರ್ಡ್‌ಗಳನ್ನೆಲ್ಲ ಮೊದಲು ಗುಡ್ಡೆ ಹಾಕಿದೆ. ಆಮೇಲೆ ಅವುಗಳಿಗೆ ಹೊಂದುವ ಬಣ್ಣದ ಲೀಡರ್ ಒಬ್ಬನನ್ನು ತಂದು ಮುಂದೆ ಕೂರಿಸಿದೆ. ಒಂದು ತಿಂಗಳು ಸತತವಾಗಿ ಸೋತೆ. ಎದುರು ಕೂತಿದ್ದ ಕಾಲೇಜು ಹುಡುಗ ಒಂದು ದಿನ ಕೇಳಿದ, "ಅಣ್ಣಾ, ನಿಮ್ ಲೀಡರ್ ಗುಣ ಒಂದ್ ಸಲಾನೂ ಬಳಸ್ಲಿಲ್ಲಲ್ರಿ ನೀವು?" ನಿಜ. ಅವನ ಗುಣ ಸಣ್ಣ ಬೆಲೆಯ ಪಾತ್ರಗಳಿಗೆ ನೆರವಾಗುವಂಥದ್ದು. ನನ್ನ ಡೆಕ್ಕಿನಲ್ಲಿ ಸಣ್ಣ ಪಾತ್ರಗಳೇ ಇರಲಿಲ್ಲ. ಆ ರಾತ್ರಿ ಕೂತು ಅರ್ಧಕ್ಕರ್ಧ ಕಾರ್ಡ್ ತೆಗೆದೆ. ತೆಗೆದವೆಲ್ಲ ಒಂದೊಂದಾಗಿ ನೋಡಿದರೆ ಒಳ್ಳೆಯ ಕಾರ್ಡ್‌ಗಳೇ. ಆದರೆ ಅವುಗಳಿಗೆ ಆ ಮನೆಯಲ್ಲಿ ಕೆಲಸ ಇರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬಂತು. ಮೂರನೇ ಸಾಲಿನ ಹುಡುಗ. "ಸರ್, ಎಲ್ಲಾ ಆಟದಾಗೂ ಲೀಡರ್ ಸತ್ರ ಆಟ ಮುಗೀತೇನ್ರಿ?"

ಒಳ್ಳೆಯ ಪ್ರಶ್ನೆ ತಮ್ಮಾ. ಇಲ್ಲ, ಎಲ್ಲದರಲ್ಲೂ ಮುಗಿಯುವುದಿಲ್ಲ. ಮ್ಯಾಜಿಕ್ ಆಟದಲ್ಲಿ ಕಮ್ಯಾಂಡರ್ ಅನ್ನುವ ಒಂದು ಬಗೆ ಇದೆ. ಆಟಗಾರರೇ ತಮ್ಮ ಖುಷಿಗೆ ಹುಟ್ಟುಹಾಕಿ ಬೆಳೆಸಿದ್ದು. 2011ರಲ್ಲಿ ಕಂಪನಿಯೇ ಅದಕ್ಕೆಂದು ಸಿದ್ಧ ಡೆಕ್ಕುಗಳನ್ನು ತಂದಿತು. ಅಲ್ಲಿ ಕಮ್ಯಾಂಡರ್ ಸೇರಿ ಒಟ್ಟು 100 ಕಾರ್ಡ್. ಖರ್ಚಿಗೆ ಶಕ್ತಿ ಕೊಡುವ ಮೂಲ ಜಮೀನು ಕಾರ್ಡ್‌ಗಳನ್ನು ಬಿಟ್ಟರೆ ಒಂದೇ ಹೆಸರಿನ ಎರಡು ಕಾರ್ಡ್ ಇರುವಂತಿಲ್ಲ. ಲೆಕ್ಕ ಹಾಕಿ, 99ರಲ್ಲಿ ಒಂದೇ ಒಂದು ಇರುವ ಕಾರ್ಡ್ ಮೊದಲು ಕೈಗೆ ತೆಗೆದುಕೊಳ್ಳುವ 7ರಲ್ಲಿ ಬರುವುದು ನೂರಕ್ಕೆ 7 ಸಲ. ಪ್ರತಿ ಆಟವೂ ಬೇರೆ ಥರ ನಡೆಯುತ್ತದೆ. ಇಷ್ಟು ಚೆದುರಿದ ಡೆಕ್ಕನ್ನು ಒಟ್ಟಿಗೆ ಹಿಡಿದಿಡುವುದು ಆ ಕಮ್ಯಾಂಡರ್ ಒಬ್ಬನೇ. ಬಣ್ಣದ ಕಟ್ಟುಪಾಡು ಇಲ್ಲೂ ಇದೆ, ಇನ್ನೂ ಬಿಗಿಯಾಗಿದೆ. ಕಾರ್ಡಿನ ಮೂಲೆಯ ಬೆಲೆಯಲ್ಲಿ ಮಾತ್ರ ಅಲ್ಲ, ಒಳಗಿನ ಬರಹದಲ್ಲಿ ಬೇರೆ ಬಣ್ಣದ ಚಿಹ್ನೆ ಇದ್ದರೂ ಆ ಕಾರ್ಡ್ ಸೇರಿಸುವಂತಿಲ್ಲ.

ಕಮ್ಯಾಂಡರ್ ಶುರುವಿನಿಂದ ರಣರಂಗದಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಅವನಿಗೆಂದೇ ಒಂದು ಜಾಗ. ಬೆಲೆ ಕೊಟ್ಟು ಅಲ್ಲಿಂದ ಕರೆಯಬೇಕು. ಅವನು ಸತ್ತರೆ ಮತ್ತೆ ಆ ಜಾಗಕ್ಕೆ ವಾಪಸ್ ಇಡಬಹುದು. ಆಟಗಾರರಿಗೆ ಬೇರೆಯೇ 40 ಲೈಫ್ ಇರುತ್ತದೆ, ಆದ್ದರಿಂದ ಅವನು ಸತ್ತರೂ ನೀವು ಸೋತಿಲ್ಲ. ಆದರೆ ಮತ್ತೆ ಕರೆಯುವಾಗ ಬೆಲೆ 2 ಜಾಸ್ತಿ. ಮೂರನೇ ಸಲ 4 ಜಾಸ್ತಿ. ಹೀಗೆ ಏರುತ್ತಾ ಹೋಗುತ್ತದೆ. ಒಬ್ಬನೇ ಕಮ್ಯಾಂಡರ್‌ನ ನೇರ ಹೊಡೆತದಿಂದ ಒಬ್ಬ ಆಟಗಾರನಿಗೆ ಒಟ್ಟು 21 ಲೈಫ್‌ನಷ್ಟು ಪೆಟ್ಟು ಬಿದ್ದರೆ, ಅವನ ಲೈಫ್ ಎಷ್ಟೇ ಉಳಿದಿರಲಿ, ಅವನು ಹೊರಗೆ.

ಮುಂದೆ ಕೂತ ಮೇಷ್ಟ್ರು ಒಬ್ಬರು ಇದನ್ನು ಕೇಳಿ ತಾಳಿಕೋಟೆ ನೆನಪಿಸಿದರು. 1565ರ ಆ ಯುದ್ಧದಲ್ಲಿ ರಾಮರಾಯ ಸೆರೆಸಿಕ್ಕು ಅವನ ತಲೆ ಬೀಳುತ್ತಿದ್ದಂತೆ ವಿಜಯನಗರದ ಸೈನ್ಯ ಚೆಲ್ಲಾಪಿಲ್ಲಿ ಆಯಿತು. ಮೇಷ್ಟ್ರು ಹೇಳಿದ್ದು ಸರಿ. ಅದು ಒನ್ ಪೀಸ್ ಬಗೆಯ ಲೀಡರ್. ಅವನ ಮೇಲೇ ಎಲ್ಲ ನಿಂತಿದೆ, ಅವನು ಬಿದ್ದರೆ ಎಲ್ಲ ಬಿತ್ತು. ಕಿತ್ತೂರಿನ ಕತೆ ಬೇರೆ. ಚೆನ್ನಮ್ಮ ರಾಣಿ ಬೈಲಹೊಂಗಲದಲ್ಲಿ ಸೆರೆಯಾದ ಮೇಲೂ ಹೋರಾಟ ನಿಲ್ಲಲಿಲ್ಲ. ಸಂಗೊಳ್ಳಿ ರಾಯಣ್ಣ ಅದನ್ನು ಎತ್ತಿಕೊಂಡ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸುವವರೆಗೆ ಅದು ನಡೆಯಿತು. ನಾಯಕಿ ಮೇಜಿನ ಮೇಲಿಲ್ಲ, ಆಟ ಮಾತ್ರ ಮುಗಿದಿಲ್ಲ. ಇದನ್ನು ಕಾರ್ಡಿನಲ್ಲಿ ಹೇಗೆ ತರಬಹುದು ಅಂತ ಮಕ್ಕಳೇ ಯೋಚಿಸುತ್ತಿರಿ. ಮಾತು ಮುಗಿದ ಮೇಲೆ ಪೆನ್ಸಿಲ್ ಕೊಡುತ್ತೇನೆ.

ಎರಡು ಮುಖದ ಲೀಡರ್‌ಗಳೂ ಇದ್ದಾರೆ. ಡ್ರ್ಯಾಗನ್ ಬಾಲ್ ಸೂಪರ್ ಕಾರ್ಡ್ ಗೇಮ್‌ನಲ್ಲಿ ಶುರುವಿನ ಲೈಫ್ 8. ಅದು 4ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ ಸಾಮಾನ್ಯವಾಗಿ ಲೀಡರ್ ಕಾರ್ಡನ್ನು ಮಗುಚಿ ಹಾಕಬಹುದು. ಹಿಂಬದಿಯ ಮುಖಕ್ಕೆ ಬಲ ಜಾಸ್ತಿ.

ನ್ಯೂಜಿಲೆಂಡಿನವರು 2019ರಲ್ಲಿ ತಂದ ಫ್ಲೆಶ್ ಅಂಡ್ ಬ್ಲಡ್ ಆಟದ ಒಂದು ಪದ್ಧತಿಯನ್ನೂ ಹೇಳಲೇಬೇಕು. ಅಲ್ಲಿ ನಾಯಕನಿಗೆ ಹೀರೋ ಅನ್ನುತ್ತಾರೆ. ದೊಡ್ಡ ಟೂರ್ನಿಗಳಲ್ಲಿ ಗೆದ್ದಾಗಲೆಲ್ಲ ಆ ಹೀರೋ ಹೆಸರಿಗೆ ಅಂಕ ಜಮಾ ಆಗುತ್ತದೆ. ಅಂಕ ಒಂದು ಮಿತಿ ಮುಟ್ಟಿದರೆ ಆ ಹೀರೋಗೆ 'ಲಿವಿಂಗ್ ಲೆಜೆಂಡ್' ಅನ್ನುವ ಗೌರವ ಕೊಟ್ಟು, ಆ ಮಾದರಿಯ ಟೂರ್ನಿಗಳಿಂದ ನಿವೃತ್ತಿ ಮಾಡುತ್ತಾರೆ. ಗೆದ್ದವನು ಜಾಗ ಬಿಡಬೇಕು. ಇಲ್ಲದಿದ್ದರೆ ಎಲ್ಲರೂ ಅದೇ ಒಬ್ಬ ಗಟ್ಟಿ ಹೀರೋ ಹಿಂದೆ ಬೀಳುತ್ತಾರೆ, ಯಾವ ಮೇಜಿಗೆ ಹೋದರೂ ಅದೇ ಮುಖ. ಬೇರೆ ಆಟಗಳವರು ತೀರಾ ಬಲವಾದ ಕಾರ್ಡನ್ನು ನಿಷೇಧಿಸುತ್ತಾರೆ. ಅದು ಶಿಕ್ಷೆ ಕೊಟ್ಟಂತೆ ಕಾಣುತ್ತದೆ. ಇದು ಶಾಲು ಹೊದಿಸಿ ಕಳಿಸಿಕೊಟ್ಟಂತೆ. ನನಗೆ ಇದೇ ಹೆಚ್ಚು ಹಿಡಿಸುತ್ತದೆ.

ಹಿಂದಿನಿಂದ ಒಬ್ಬ ತಾಯಿ ಕೇಳಿದರು. "ಸರ್, ಇದಕ್ಕ ಎಷ್ಟ್ ರೊಕ್ಕ ಹಾಕ್ಬೇಕ್ರಿ? ನಮ್ ಹುಡುಗ ದಿನಾ ಒಂದ್ ಪಾಕೀಟ್ ಕೇಳ್ತಾನ್ರಿ."

ಅಕ್ಕಾ, ನಿಮ್ಮ ಮಾತು ಸರಿ ಇದೆ. ಮುಚ್ಚಿದ ಪಾಕೀಟಿನಲ್ಲಿ ಯಾವ ಕಾರ್ಡ್ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬೇಕಾದ ಕಾರ್ಡ್ ಸಿಗುವವರೆಗೆ ಒಡೆಯುತ್ತಲೇ ಇರಬೇಕು ಅನ್ನಿಸುತ್ತದೆ. ಬಾಗಿಲ ಹತ್ತಿರ ಅಜ್ಜ ಹೇಳಿದ ಭಯ ಇಲ್ಲಿ ನಿಜವಾಗಬಹುದು. ಮಕ್ಕಳ ಕೈಗೆ ಪಾಕೀಟು ಕೊಡಿಸಬೇಡಿ. ಸ್ಟಾರ್ಟರ್ ಡೆಕ್ ಒಂದು ಕೊಡಿಸಿ. ಅದರಲ್ಲಿ ಲೀಡರ್, 50 ಕಾರ್ಡ್, ಡಾನ್ ಎಲ್ಲ ಇರುತ್ತದೆ. ಡಬ್ಬಿ ಒಡೆದು ಅಂದೇ ಆಡಬಹುದು. ಬೇರೆ ಲೀಡರ್ ಹೇಗಿದ್ದಾನೆ ನೋಡಬೇಕು ಅನ್ನಿಸಿದರೆ ಕಾಗದದ ಮೇಲೆ ಪ್ರಿಂಟ್ ತೆಗೆದು, ಹಳೇ ಕಾರ್ಡಿನ ಮುಂದೆ ಇಟ್ಟು, ಪ್ಲಾಸ್ಟಿಕ್ ಕವರಿಗೆ ಹಾಕಿ ಮನೆಯಲ್ಲಿ ಆಡಲಿ. ನಾವು ಹಾಗೇ ಆಡುತ್ತೇವೆ. ಅಧಿಕೃತ ಟೂರ್ನಿಯಲ್ಲಿ ಮಾತ್ರ ಅದು ನಡೆಯುವುದಿಲ್ಲ.

ಸ್ಟಾರ್ಟರ್ ಡೆಕ್ ಕೊಂಡರೆ ಮೊದಲ ಹತ್ತು ಆಟ ಅದರ ಲೀಡರನ್ನು ಬದಲಿಸಬೇಡಿ ಮಕ್ಕಳೇ. ಒನ್ ಪೀಸ್ ಕತೆಯ ನಾಯಕ ಲೂಫಿ, ಅವನ ಮೊದಲ ಕೆಂಪು ಸ್ಟಾರ್ಟರ್ ಲೀಡರ್ ಇದ್ದಾನಲ್ಲ, ಅವನ ಗುಣ ನೋಡಲು ಬಹಳ ಸಣ್ಣದು. ಸರದಿಗೆ ಒಂದು ಸಲ, ಖರ್ಚಾಗಿ ಮಲಗಿರುವ ಒಂದು ಡಾನನ್ನು ತನಗೋ ತನ್ನ ಪಾತ್ರವೊಂದಕ್ಕೋ ಕೊಡಬಹುದು. ಅಷ್ಟೇ. ಆದರೆ ಈಗ ತಾನೇ ನಾವು ಹಾಕಿದ ಲೆಕ್ಕ ನೆನಪಿಸಿಕೊಳ್ಳಿ. ಖರ್ಚು ಮಾಡಿ ಮುಗಿದ ಡಾನ್ ಮತ್ತೆ 1000 ಬಲವಾಗಿ ಕೆಲಸಕ್ಕೆ ಬರುತ್ತದೆ. ಪ್ರತಿ ಸರದಿಗೂ. ಎದುರಾಳಿ ಪ್ರತಿ ಸಲವೂ ಒಂದು ಸಾವಿರ ಜಾಸ್ತಿ ಎಸೆಯಬೇಕು. ಆರು ಸರದಿಯ ಹೊತ್ತಿಗೆ ಅವರ ಕೈ ಖಾಲಿ. ಇದು ಓದಿದರೆ ತಿಳಿಯುವುದಿಲ್ಲ, ಆಡಿದರೆ ಆರನೇ ಏಳನೇ ಆಟಕ್ಕೆ ಬೆರಳಿಗೇ ತಿಳಿಯುತ್ತದೆ.

ನನ್ನ ಮಾತು ಇಷ್ಟೇ. ಇನ್ನು ಪೆನ್ಸಿಲ್ ತಗೊಳ್ಳಿ.

*

ಮಾತು ಮುಗಿದ ಮೇಲೆ ಮಕ್ಕಳಿಗೆ ರಟ್ಟಿನ ತುಂಡು ಕೊಟ್ಟು, ಕಿತ್ತೂರಿನ ಲೀಡರ್ ಕಾರ್ಡ್ ಮಾಡಿ ಅಂದೆ. ಹೆಚ್ಚಿನವರು ಕುದುರೆ, ಕತ್ತಿ ಬರೆದು ಬಲ 10000 ಅಂತ ಹಾಕಿದರು. ಒಬ್ಬ ಹುಡುಗನನ್ನು ಕೇಳಿದೆ, "ನಿನ್ನ ರಾಣಿ ಏನನ್ನು ಬೇಡ ಅಂತಾಳೆ?" ಅವನು ಸ್ವಲ್ಪ ಹೊತ್ತು ರಟ್ಟು ನೋಡುತ್ತಾ ಕೂತ. ಆಮೇಲೆ ಕೆಳಗೆ ಬರೆದ. "ಕಪ್ಪ ಕೊಡಂಗಿಲ್ಲ." ನಾಟಕದಲ್ಲಿ, ಲಾವಣಿಯಲ್ಲಿ ಕೇಳಿ ಬೆಳೆದ ಮಾತು. ಅದನ್ನು ಆಟದ ನಿಯಮ ಮಾಡುವುದು ಹೇಗೆ ಅಂತ ನಾಲ್ಕೈದು ಮಕ್ಕಳು ಸೇರಿ ವಾದ ಮಾಡಿದರು. ಕೊನೆಗೆ ಹೀಗೆ ಇಟ್ಟುಕೊಂಡರು: ಈ ಲೀಡರ್ ಇದ್ದರೆ, ನಿಮ್ಮದೇ ಕಾರ್ಡನ್ನು ಕೈಯಿಂದ ಎಸೆದು ಬೆಲೆ ಕೊಡಬೇಕಾದ ಯಾವ ಕಾರ್ಡನ್ನೂ ಡೆಕ್ಕಿನಲ್ಲಿ ಇಡುವಂತಿಲ್ಲ. ಆ ನಿಯಮ ನೋಡಿ ನಾನು ಎರಡು ನಿಮಿಷ ಸುಮ್ಮನೆ ನಿಂತೆ. ಹೀಗೆ ಎಸೆದು ಬೆಲೆ ಕೊಡಬೇಕಾದ ಕಾರ್ಡ್‌ಗಳು ಅನೇಕ ಸಲ ಗಟ್ಟಿ ಕಾರ್ಡ್‌ಗಳು. ಅವುಗಳನ್ನೆಲ್ಲ ಬಿಟ್ಟು ಕಟ್ಟಬೇಕು ಅಂದರೆ ಆ ಡೆಕ್ ನಿಜಕ್ಕೂ ಬೇರೆ ಥರ ಯೋಚಿಸಬೇಕಾಗುತ್ತದೆ.

ಪಕ್ಕದ ಮೇಜಿನಲ್ಲಿ ಏಳನೇ ಕ್ಲಾಸಿನ ಹುಡುಗಿ ಒಬ್ಬಳು ರಟ್ಟಿನ ಎರಡೂ ಬದಿ ಬರೆದಿದ್ದಳು. ಮುಂದೆ ಚೆನ್ನಮ್ಮ, ಹಿಂದೆ ರಾಯಣ್ಣ. ಲೈಫ್ ಸೊನ್ನೆ ಆದಾಗ ಕಾರ್ಡ್ ಮಗುಚಬೇಕು, ಆಗ ಇನ್ನೊಂದು ಲೈಫ್ ಹೊಸದಾಗಿ ಸಿಗುತ್ತದೆ. ರಾಯಣ್ಣನ ಬದಿಯಲ್ಲಿ ಬಲ ಕಡಿಮೆ, ಆದರೆ ಅವನ ಮೇಲೆ ಸರದಿಗೆ ಒಂದೇ ಸಲ ದಾಳಿ ಮಾಡಬಹುದು. ಕಾಡಿನೊಳಗೆ ಇರ್ತಾನಲ್ರಿ, ಸಿಗಂಗಿಲ್ಲ, ಅಂದಳು. ಶುರುವಿನ ಲೈಫ್ 5 ಅಂತ ಬರೆದಿದ್ದಳು.

ನನ್ನ ಕೆಂಪು ಡೆಕ್ ಕೊಟ್ಟು ಅವಳ ಲೀಡರನ್ನು ಮುಂದಿಟ್ಟು ಮೂರು ಆಟ ಆಡಿಸಿದೆವು. ಮೂರರಲ್ಲೂ ಅವಳೇ ಗೆದ್ದಳು. ಮೂರನೆಯದು ಮುಗಿದಾಗ ಎದುರು ಕೂತ ಹುಡುಗ ಏನೂ ಹೇಳಲಿಲ್ಲ, ಬರೀ ಕಾರ್ಡ್ ಜೋಡಿಸಿಕೊಂಡ. ಅವಳು ರಬ್ಬರ್ ಕೇಳಿ ತಗೊಂಡು 5 ಅಳಿಸಿದಳು.

"ಎರಡ್ ಮುಖ ಐತಲ್ರಿ ಸರ್," ಅಂದಳು. "ನಾಕ್ ಸಾಕು."

ನಾಲ್ಕು ಬರೆದು ನಾಲ್ಕನೇ ಆಟಕ್ಕೆ ಡೆಕ್ ಕಲೆಸತೊಡಗಿದಳು.